ಒಬ್ಬ ಮಗ, ಮೂರು ಪಟ್ಟಿ: ಆಟಿಸಂ ಪರೀಕ್ಷೆಗಳನ್ನು ಮಾಡಿಸಿ ನೋಡಿದ ಮೇಲೆ

ಮಗನಿಗೆ ಎರಡು ವರ್ಷ ಎರಡು ತಿಂಗಳಾದರೂ ಅಮ್ಮ, ಅಪ್ಪ ಬಿಟ್ಟರೆ ಬೇರೆ ಮಾತಿರಲಿಲ್ಲ. 'ಗಂಡುಮಕ್ಕಳು ಲೇಟು, ಇವರಪ್ಪನೂ ಮೂರಕ್ಕೇ ಬಾಯಿ ಬಿಟ್ಟಿದ್ದು' ಅಂತ ಅತ್ತೆ ಹೇಳುತ್ತಲೇ ಇದ್ದರು. ನನಗೆ ಸಮಾಧಾನ ಆಗಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಮೂರು ಕಡೆ, ಮೂರು ಥರ ನೋಡಿಸಿದೆವು.

ಮೊದಲು ಮನೆಯಲ್ಲೇ ಎಂ-ಚಾಟ್, ಅಂದರೆ ಆಟಿಸಂ ಅನುಮಾನ ಇದೆಯಾ ಅಂತ ಅಪ್ಪ ಅಮ್ಮನೇ ತುಂಬಿ ನೋಡುವ ಹಾಳೆ. ಪುಕ್ಕಟೆ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆ, ಹೌದು ಅಥವಾ ಇಲ್ಲ, ಅಷ್ಟೇ. ಅನುಮಾನ ಹುಟ್ಟಿಸುವ ಒಂದೊಂದು ಉತ್ತರಕ್ಕೆ ಒಂದು ಅಂಕ. 2ರವರೆಗೆ ಬಂದರೆ ಚಿಂತೆ ಕಡಿಮೆ, 3ರಿಂದ 7 ಬಂದರೆ ಇನ್ನೊಂದು ಸುತ್ತು ಬಿಡಿಸಿ ಕೇಳಬೇಕು, 8 ಅಥವಾ ಜಾಸ್ತಿ ಬಂದರೆ ನೇರ ತಜ್ಞರ ಹತ್ತಿರ. ನಾನು ತುಂಬಿದಾಗ 6 ಬಂತು, ನಮ್ಮೆಜಮಾನ್ರು ತುಂಬಿದಾಗ 2! ಬೆರಳು ಮಾಡಿ ತೋರಿಸುತ್ತಾನಾ ಅನ್ನೋದಕ್ಕೆ ಅವರದು ಹೌದು, ಯಾಕಂದ್ರೆ ಎಂದೋ ಒಂದ್ಸಲ ವಿಮಾನ ತೋರಿಸಿದ್ದ. ಅಪರೂಪಕ್ಕೆ ಮಾಡಿದ್ದರೆ 'ಇಲ್ಲ' ಅಂತಲೇ ಹಾಕಿ ಎಂದು ಮೇಲೆ ಬರೆದಿರುತ್ತದೆ, ಆದರೆ ಅದನ್ನು ಓದೋರು ಯಾರು? ಬಿಸ್ಕತ್ ಬೇಕಾದರೆ ಅವನು ನನ್ನ ಮುಖವನ್ನೂ ನೋಡದೆ ಮಣಿಕಟ್ಟು ಹಿಡಿದು ಡಬ್ಬಿಯ ಹತ್ತಿರ ಎಳೆದೊಯ್ಯುತ್ತಿದ್ದ, ನನ್ನ ಕೈ ಒಂದು ಇಕ್ಕಳ ಅನ್ನೋ ಹಾಗೆ. ಅದನ್ನು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ.

ಆಮೇಲೆ ಒಂದು ಖಾಸಗಿ ಸೆಂಟರ್. ಅಲ್ಲಿ ಕಾರ್ಸ್ ಅನ್ನೋ ಆಟಿಸಂ ಅಳತೆಪಟ್ಟಿ ಹಿಡಿದು ನೋಡಿದರು: 15 ವಿಷಯ, ಒಂದೊಂದಕ್ಕೆ 1ರಿಂದ 4, ನಡುವೆ ಅರ್ಧ ಅಂಕವೂ ಉಂಟು, 30 ಮುಟ್ಟಿದರೆ ಆಟಿಸಂ ಕಡೆಗೆ. ಇಲ್ಲಿ ಮಗುವನ್ನು ನೋಡಿ ಅಂಕ ಹಾಕುತ್ತಾರೆ, ಅದು ಒಳ್ಳೆಯದೇ. ಆದರೆ ನಮ್ಮವನಿಗೆ ಗೊತ್ತಿದ್ದದ್ದು ಚೆಂಡು, ಪರೀಕ್ಷೆ ಮಾಡುತ್ತಿದ್ದಾಕೆ ಕೇಳುತ್ತಿದ್ದದ್ದು ಬಾಲ್. ಪೂರ್ತಿ ಇಂಗ್ಲಿಷು. ಬಂದಿದ್ದು 35. ರಿಪೋರ್ಟಿನ ಜೊತೆಗೇ ಆರು ತಿಂಗಳ ಥೆರಪಿ ಪ್ಯಾಕೇಜಿನ ರೇಟೂ ಕೈಗೆ ಬಂತು. ಕಿವಿ ಕೇಳಿಸುತ್ತದಾ ಅಂತ ಮಾತ್ರ ಯಾರೂ ಕೇಳಲಿಲ್ಲ.

ಕಿವಿಯ ಬೆರಾ ಪರೀಕ್ಷೆಯನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದೆವು. ಮಗು ಮಲಗಿದ್ದಾಗಲೇ ಮಾಡಬೇಕು. ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿದ್ದಕ್ಕೆ ಅವನು ದಾರಿಯಲ್ಲೇ ನಿದ್ದೆ ಮುಗಿಸಿಬಿಟ್ಟ, ಅದು ಬೇರೆ ಕತೆ. ಕಿವಿ ಸರಿಯಿತ್ತು.

ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಐಸಾ ಅನ್ನೋ ಇನ್ನೊಂದು ಆಟಿಸಂ ಅಳತೆಪಟ್ಟಿ, ಅಷ್ಟೊತ್ತಿಗೆ ಅವನಿಗೆ ಮೂರು ತುಂಬಿತ್ತು. ಇದು ನಮ್ಮ ದೇಶದ ಮಕ್ಕಳಿಗೆ ಅಂತಲೇ ಸಿಕಂದರಾಬಾದಿನಲ್ಲಿ ತಯಾರಾದದ್ದು. 40 ವಿಷಯ, ಒಂದೊಂದಕ್ಕೆ 1ರಿಂದ 5. ನನಗೆ ಹಿಡಿಸಿದ್ದು ಇಲ್ಲಿನ ಲೆಕ್ಕ: ಮಾಡುತ್ತಾನೋ ಇಲ್ಲವೋ ಅಂತಲ್ಲ, ಎಷ್ಟು ಸಲ ಮಾಡುತ್ತಾನೆ ಅಂತ. ಅಪರೂಪಕ್ಕೆ ಅಂದರೆ 1, ಯಾವಾಗಲೂ ಅಂದರೆ 5. ಅವರಪ್ಪನ ವಿಮಾನಕ್ಕೂ ನನ್ನ ಮಣಿಕಟ್ಟಿಗೂ ಕಡೆಗೂ ಜಾಗ ಸಿಕ್ಕಿತು. ಪರೀಕ್ಷೆ ಮಾಡಿದ ಮೇಡಂ ಅತ್ತೆಯನ್ನೂ ಕೂರಿಸಿಕೊಂಡು ಕೇಳಿದರು. 'ಪುಟ್ಟಾ, ಚೆಂಡು ಎಲ್ಲಿ?' ಅಂದಾಗ ಅವನು ಅವರ ಮಣಿಕಟ್ಟನ್ನೇ ಹಿಡಿದು ಶೆಲ್ಫಿನ ಕಡೆ ಎಳೆದ. ಅವರು ನಕ್ಕರು, ಬರೆದುಕೊಂಡರು. 88 ಬಂತು. 70ರಿಂದ 106ರವರೆಗೆ ಸೌಮ್ಯ ಆಟಿಸಂ ಅಂತ ಲೆಕ್ಕ. ಅಂಗವಿಕಲ ಪ್ರಮಾಣಪತ್ರಕ್ಕೂ ಇದನ್ನೇ ನೋಡುತ್ತಾರೆ. ತೊಂದರೆ ಅಂದ್ರೆ ಕಾಯೋದು, ನಮಗೆ ಮೂರು ಸಲ ಓಡಾಟ ಆಯಿತು.

35ನ್ನೂ 88ನ್ನೂ ಅಕ್ಕಪಕ್ಕ ಇಟ್ಟು ತಲೆ ಕೆಡಿಸಿಕೊಳ್ಳಬೇಡಿ, ನಾನು ಕೆಡಿಸಿಕೊಂಡಿದ್ದೇ ಸಾಕು. ಅಳತೆಗಳೇ ಬೇರೆ, ವಯಸ್ಸೂ ಬೇರೆ. ನನ್ನನ್ನು ಕೇಳಿದರೆ ಎಂ-ಚಾಟನ್ನು ಗಂಡ ಹೆಂಡತಿ ಬೇರೆ ಬೇರೆ ಕೂತು ತುಂಬಿ, ಎಲ್ಲಿ ವ್ಯತ್ಯಾಸ ಬಂತೋ ಅದರ ವಿಡಿಯೋ ಮೊಬೈಲಿನಲ್ಲಿ ಹಿಡಿದಿಡಿ. ಆಮೇಲೆ ಕಿವಿ ಪರೀಕ್ಷೆ, ಆಮೇಲೆ ಮನೆಮಾತು ಬರುವ ತಜ್ಞರು. ಅವಸರ ಇದ್ದರೆ ಖಾಸಗಿಗೇ ಹೋಗಿ, ತಪ್ಪೇನಿಲ್ಲ, ಪ್ಯಾಕೇಜಿಗೆ ಮಾತ್ರ ಅವತ್ತೇ ದುಡ್ಡು ಕಟ್ಟಬೇಡಿ.