ಏರ್ ಫ್ರೈಯರ್: ಕಡಲೆಗೆ ಸೈ, ಬೀಜಕ್ಕೆ ಜೋಪಾನ

ಶರತ್ಕಾಲದ ಹಬ್ಬದ ರಜೆಗೆ ನೆಂಟರು ಬರುವವರಿದ್ದರು. ಕರಿದದ್ದು ಬೇಡವೆಂದು ಬಿಸಿಗಾಳಿಯಲ್ಲೇ ಹುರಿಯುವ ನಾಲ್ಕು ಲೀಟರಿನ ಈ ಏರ್ ಫ್ರೈಯರ್ ತಂದೆ. ಮೊದಲ ದಿನವೇ ಸಿಹಿಗುಂಬಳದ ಬೀಜಗಳು ಫ್ಯಾನಿನ ಗಾಳಿಗೆ ಹಾರಿ ಒಳಗೆಲ್ಲ ಚೆಲ್ಲಾಡಿದವು. ಈಗ ಮೇಲೊಂದು ಸ್ಟೀಲ್ ಜಾಲರಿ ಮುಚ್ಚುತ್ತೇನೆ. 160 ಡಿಗ್ರಿಯಲ್ಲಿ 12 ನಿಮಿಷ ಸಾಕು.

ಕಾಬೂಲಿ ಕಡಲೆ ಮಾತ್ರ ಅದ್ಭುತ! ಬೇಯಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ತೇವ ಉಳಿದರೆ ಹುರಿಯುವ ಬದಲು ಹಬೆಯಲ್ಲೇ ಮೆತ್ತಗಾಗುತ್ತದೆ. ಒಂದು ಚಮಚ ಎಣ್ಣೆ, 200 ಡಿಗ್ರಿ, 15 ನಿಮಿಷ, ನಡುವೆ ಎರಡು ಸಲ ಕುಲುಕುವುದು. ಖಾರದಪುಡಿ ಕೊನೆಗೆ, ಮೊದಲೇ ಹಾಕಿ ಒಮ್ಮೆ ಸೀಯಿಸಿಕೊಂಡಿದ್ದೇನೆ.

ಬುಟ್ಟಿ ಚಿಕ್ಕದು, ಎಂಟು ಜನಕ್ಕೆ ಮೂರು ಸರದಿ. ಮರುದಿನಕ್ಕೆ ಗರಿಗರಿ ಉಳಿಯುವುದಿಲ್ಲ. ಕಡಲೆಯೇ ಉಳಿದರೆ ತಾನೆ!