ಫ್ರೀ ಬಸ್ ಇದ್ದರೂ ಬ್ಯಾಟರಿ ಗಾಡಿ ಯಾಕೆ ತಗೊಂಡೆ

ಗಾಡಿ ತಗೊಂಡು ಶಾಲೆಗೆ ಹೋದ ಮೊದಲ ದಿನ ನಮ್ಮ ಹೆಡ್‌ಮಾಸ್ಟರ್ ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಫುಕ್ಕಟ್ ಬಸ್ ಬಿಟ್ಟು ಲಕ್ಷ ರೂಪಾಯಿ ಹಾಕೀರಲ್ರಿ ಮೇಡಂ, ಏನ್ ಲೆಕ್ಕರೀ ಇದು?" ಆವತ್ತು ನಕ್ಕು ಸುಮ್ಮನಾದೆ. ಒಂದು ವರ್ಷದ ಮೇಲಾಯಿತು, 16 ಸಾವಿರ ಚಿಲ್ಲರೆ ಕಿಲೋಮೀಟರ್ ಓಡಿಸಿದ್ದೇನೆ. ಈಗ ಲೆಕ್ಕ ಹೇಳಬಹುದು.

ಬ್ಯಾಟರಿ ಸ್ಕೂಟರ್ ಬಗ್ಗೆ ಬರೆಯುವವರೆಲ್ಲ ಪೆಟ್ರೋಲ್ ಗಾಡಿ ಜೊತೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಬೇಕಿಲ್ಲ. ನನ್ನ ಹತ್ತಿರ ಪೆಟ್ರೋಲ್ ಗಾಡಿ ಇರಲೇ ಇಲ್ಲ. ನಾನು ಬಿಟ್ಟಿದ್ದು ಬಸ್ಸು, ಅದೂ ಜೀರೋ ಟಿಕೆಟ್ಟಿನ ಬಸ್ಸು.

ಮನೆ ಕಲಬುರಗಿಯಲ್ಲಿ, ಶಾಲೆ ಮಹಾಗಾಂವ ಕ್ರಾಸ್ ಕಡೆ ಒಂದು ಹಳ್ಳಿಯಲ್ಲಿ. ನನ್ನ ಗಾಡಿಯ ಮೀಟರ್ ಪ್ರಕಾರ ಮನೆ ಬಾಗಿಲಿನಿಂದ ಶಾಲೆ ಗೇಟಿಗೆ 28 ಕಿ.ಮೀ. ಹನ್ನೊಂದು ವರ್ಷ ಅಪ್-ಡೌನ್ ಮಾಡಿದ್ದೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನನ್ನಷ್ಟು ಖುಷಿಪಟ್ಟವರು ಯಾರೂ ಇರಲಿಕ್ಕಿಲ್ಲ. ಆಧಾರ್ ಕಾರ್ಡ್ ತೋರಿಸು, ಟಿಕೆಟ್ ತಗೋ, ಕೂತುಕೋ. ಕೂರುವುದು ಮಾತ್ರ ದಿನಾ ಸಿಗುತ್ತಿರಲಿಲ್ಲ. ಮೊದಲು ಮನೆಯಲ್ಲೇ ಇರುತ್ತಿದ್ದ ಎಷ್ಟೋ ಹೆಂಗಸರು ಈಗ ಸಂತೆಗೆ, ದವಾಖಾನೆಗೆ, ತವರಿಗೆ ಹೊರಟಿದ್ದರು. ಅದು ಒಳ್ಳೆಯದೇ ಅಲ್ವಾ? ಹಾಗಾಗಿ ನಿಂತುಕೊಂಡು ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ.

ಬೇಜಾರಾಗಿದ್ದು ಬಸ್ಸಿನ ಎರಡು ತುದಿಯಲ್ಲಿ. ಮನೆಯಿಂದ ಕಲಬುರಗಿಯಲ್ಲೇ ಇರುವ ಹುಮನಾಬಾದ್ ಬೇಸ್ ಸ್ಟಾಪಿನ ತನಕ ಶೇರ್ ಆಟೋ, 15 ರೂಪಾಯಿ. ಕ್ರಾಸ್‌ನಲ್ಲಿ ಇಳಿದ ಮೇಲೆ ಹಳ್ಳಿಗೆ ಟಂಟಂ, ಇನ್ನೊಂದು 15. ವಾಪಸ್ ಬರುವಾಗಲೂ ಅಷ್ಟೇ. ದಿನಕ್ಕೆ 60, ತಿಂಗಳಿಗೆ 1,500. ಟಂಟಂನವನು ಹತ್ತು ಜನ ತುಂಬುವವರೆಗೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ನಾನು ಕಳೆದ ಹೊತ್ತನ್ನೆಲ್ಲ ಸೇರಿಸಿದರೆ ಒಂದು ಬಿ.ಇಡಿ. ಮುಗಿಸಬಹುದಿತ್ತು. ಫ್ರೀ ಬಸ್ಸಿಗೆ ನಾನು ಕೊಡುತ್ತಿದ್ದ ಬೆಲೆ ಅದು: 1,500 ರೂಪಾಯಿ, ಜೊತೆಗೆ ಒಂದು ಕಡೆಗೆ ಒಂದೂವರೆ ತಾಸು. ಗಾಡಿಯಲ್ಲಿ ಐವತ್ತು ನಿಮಿಷ.

2024ರ ದೀಪಾವಳಿಗೆ ತಗೊಂಡೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ ಆಗಷ್ಟೇ ಶುರುವಾಗಿತ್ತು, 10 ಸಾವಿರ ಕಡಿತ ಸಿಕ್ಕಿತು. ಮುಂದಿನ ಏಪ್ರಿಲ್‌ನಿಂದ ಅದು 5 ಸಾವಿರಕ್ಕೆ ಇಳಿಯಿತು. ಎಲ್ಲಾ ಸೇರಿ 1 ಲಕ್ಷ 28 ಸಾವಿರ, ಮೂರು ವರ್ಷದ ಕಂತು. ಕಂಪನಿ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಒಂದು ತಾಪತ್ರಯ ಅದಕ್ಕೆ ಕಾರಣ. ಬ್ಯಾಟರಿ 3.7 ಯೂನಿಟ್ಟಿನದು. ಅಂಗಡಿಯವನು ಒಂದು ಚಾರ್ಜಿಗೆ 150 ಕಿ.ಮೀ. ಅಂದ. ನನಗೆ ಸಿಗುವುದು 85. ಟ್ರಕ್ಕುಗಳ ಭಯಕ್ಕೆ 45ರಲ್ಲಿ ಹೋದರೆ ನೂರರ ಹತ್ತಿರ ಬರುತ್ತದೆ. 65ರಲ್ಲಿ ಓಡಿಸಿದರೆ ಎಂಬತ್ತೂ ಕಷ್ಟ. ಹಿಂದೆ ಒಬ್ಬರು ಕೂತರೆ ಇನ್ನೂ ಇಳಿಯುತ್ತದೆ. ಹೋಗಿ ಬರಲು ನನಗೆ 56 ಸಾಕು. ನಿಮ್ಮ ಶಾಲೆ ಹುಮನಾಬಾದ್ ಊರಿನಷ್ಟು ದೂರ ಇದ್ದರೆ ಈ ಗಾಡಿ ಬೇಡ.

ಕರೆಂಟಿನ ಲೆಕ್ಕ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಅಲ್ಲ. ಯೋಜನೆಗೆ ಮುಂಚೆ ನಿಮ್ಮ ಮನೆ ಎಷ್ಟು ಬಳಸುತ್ತಿತ್ತೋ, ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಕೊಟ್ಟಿರುತ್ತಾರೆ. ನಮ್ಮದು 140ರ ಆಸುಪಾಸು. ಗಾಡಿ ತಿಂಗಳಿಗೆ 65ರಿಂದ 70 ಯೂನಿಟ್ ಕುಡಿಯುತ್ತದೆ. ಮಿತಿ ದಾಟಿದ್ದಕ್ಕೆ ಮಾತ್ರ ದುಡ್ಡು, ಸುಮಾರು 350 ರೂಪಾಯಿ. ಆದರೆ 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. ಮಾರ್ಚ್‌ನಲ್ಲಿ ಕೂಲರ್ ಹಚ್ಚಿದೆವು, ದಾಟಿಯೇ ಬಿಟ್ಟಿತು. ಬಿಲ್ಲು ನೋಡಿ ನಮ್ಮ ಮನೆಯವರು, "ನಿನ್ನ ಗಾಡಿ ಫ್ಯಾನಿನ ಗಾಳೀನೂ ತಿಂತದ ನೋಡು" ಅಂದರು. ಈಗ ಬೇಸಿಗೆ ತಿಂಗಳಲ್ಲಿ 20ನೇ ತಾರೀಖು ಆದ ಮೇಲೆ ಮೀಟರ್ ನೋಡುವ ಚಟ ಹತ್ತಿದೆ.

ಬೇಸಿಗೆ ಅಂದರೆ ನಮ್ಮ ಬೇಸಿಗೆ. ಏಪ್ರಿಲ್‌ನಲ್ಲಿ ಶಾಲೆ ಮುಂಜಾನೆಯೇ ಮುಗಿಯುತ್ತದೆ, ಆದರೂ ಮನೆ ಸೇರುವಾಗ ಬಿಸಿಲು 42 ಡಿಗ್ರಿ. ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬಿಸಿ ಬ್ಯಾಟರಿಗೆ ಚಾರ್ಜ್ ನಿಧಾನವಾಗಿ ಏರುತ್ತದೆ, ಅದರ ಆಯುಷ್ಯವೂ ಕಡಿಮೆಯಾಗುತ್ತದೆ. ನಾನು ಊಟ ಮಾಡಿ, ಒಂದು ನಿದ್ದೆ ಹೊಡೆದು ಆಮೇಲೆ ಹಾಕುತ್ತೇನೆ. ಶಾಲೆಯಲ್ಲಿ ಗಾಡಿಗೆ ಬೇವಿನ ಮರದ ಕೆಳಗೇ ಜಾಗ. ಹುಡುಗರು ದಿನಾ ಅಲ್ಲಿ ಸೈಕಲ್ ಇಡದೆ ಕಾಯುತ್ತಾರೆ, ನಾನು ಹೇಳಿದ್ದಕ್ಕಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಹೆದ್ದಾರಿ ಚೆನ್ನಾಗಿದೆ. ಕ್ರಾಸಿನಿಂದ ಒಳಗಿನ ದಾರಿಗೆ ಎರಡೂ ಕಡೆ ತೊಗರಿ ಹೊಲ, ಎರೆ ಮಣ್ಣು. ಟ್ರ್ಯಾಕ್ಟರುಗಳು ಆ ಮಣ್ಣನ್ನು ರಸ್ತೆಗೆ ತಂದು ಹಾಸಿರುತ್ತವೆ. ಈ ಗಾಡಿಯ ಗಾಲಿ ಸಣ್ಣದು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಇನ್ನೂ ಸಣ್ಣದು. ಜುಲೈನಲ್ಲಿ ಒಂದು ದಿನ ಮಣ್ಣು ಗಿಡಿದು ಗಾಲಿ ತಿರುಗುವುದೇ ನಿಂತಿತು. ತೊಗರಿ ಕಟ್ಟಿಗೆಯಿಂದ ಮಣ್ಣು ಕೀಳುತ್ತಾ ಕೂತಿದ್ದೆ, ಹಾಜರಿ ಹಾಕುವ ಹೊತ್ತು ಮೀರಿತು. ಅವತ್ತಿನಿಂದ ಜೋರು ಮಳೆ ಇದ್ದರೆ ಬಸ್ಸೇ.

ಇನ್ನು ತಾಪತ್ರಯ. ಹತ್ತನೇ ತಿಂಗಳಲ್ಲಿ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಭಾಗ, ಕೆಟ್ಟಿತು. ವಾರಂಟಿ ಇತ್ತು, ಪಾರ್ಟ್ ಇರಲಿಲ್ಲ. ಹನ್ನೊಂದು ದಿನ ಗಾಡಿ ಸರ್ವಿಸ್ ಸೆಂಟರಿನಲ್ಲೇ. ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ತದ್ರೀ". ಪೆಟ್ರೋಲ್ ಗಾಡಿ ಆಗಿದ್ದರೆ ಕ್ರಾಸಿನ ಮೆಕ್ಯಾನಿಕ್ಕೇ ಬಿಚ್ಚಿ ಏನಾದರೂ ಮಾಡುತ್ತಿದ್ದ. ಇದನ್ನು ಅವನು ಮುಟ್ಟಲೂ ಇಲ್ಲ. ಹನ್ನೊಂದು ದಿನ ಮತ್ತೆ ಹಳೇ ಬಸ್ಸು. ಕಂಡಕ್ಟರ್ ಗುರುತು ಹಿಡಿದ: "ಏನ್ರೀ ಮೇಡಂ, ಗಾಡಿ ಕೈ ಕೊಟ್ಟಿತೇನ್ರೀ?" ಅವನ ಮುಖದಲ್ಲಿ ಸ್ವಲ್ಪ ಖುಷಿ ಇತ್ತು ಅಂತ ನನಗೆ ಅನುಮಾನ.

ನಮ್ಮತ್ತೆ ಮಾತ್ರ ಇನ್ನೂ ಗಾಡಿ ಹತ್ತಿಲ್ಲ. ಕಮಲಾಪುರದಲ್ಲಿ ಅವರ ತಂಗಿ ಇದ್ದಾರೆ. ತಿಂಗಳಿಗೆರಡು ಸಲ ಬಸ್ಸಿನಲ್ಲಿ ಹೋಗಿ ಕೆಂಪು ಬಾಳೆಹಣ್ಣು ತರುತ್ತಾರೆ. ಒಂದೇ ಬಸ್ಸು, ಎರಡು ತುದಿಯಲ್ಲೂ ನಡೆಯುವಷ್ಟು ಹತ್ತಿರ. ಅವರ ಲೆಕ್ಕದಲ್ಲಿ ಬಸ್ಸು ನಿಜಕ್ಕೂ ಫ್ರೀ.

ನನ್ನ ಲೆಕ್ಕ ಹೆಡ್‌ಮಾಸ್ಟರಿಗೆ ಹೀಗೆ ಹೇಳಿದೆ. ಕಂತು ಮುಗಿಯುವ ತನಕ ತಿಂಗಳಿಗೆ ಎರಡು ಸಾವಿರದ ಮೇಲೆ ಲುಕ್ಸಾನು. ಅದಕ್ಕೆ ಬದಲು ದಿನಕ್ಕೆ ಒಂದು ತಾಸು ಇಪ್ಪತ್ತು ನಿಮಿಷ ಕೈಗೆ ಬರುತ್ತದೆ. ಐದು ಸ್ಟಾರಿಗೆ ಮೂರೂವರೆ ಕೊಡುತ್ತೇನೆ. ಅರ್ಧ ಸ್ಟಾರ್ ಎರೆ ಮಣ್ಣಿಗೆ ಹೋಯಿತು, ಒಂದು ಆ ಹನ್ನೊಂದು ದಿನಕ್ಕೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಂದು ರೌಂಡ್ ಹೊಡೀಲೇನ್ರೀ?" ಅಂದರು. ಚಾರ್ಜ್ 61 ಪರ್ಸೆಂಟ್ ಇತ್ತು. ಕ್ರಾಸಿನ ತನಕ ಮಾತ್ರ ಅಂದೆ.