ಝುಕೋವ್ ಆತ್ಮಕಥೆಯೋ, ರೊಕೊಸ್ಸೊವ್‌ಸ್ಕಿಯದೋ?

ಎರಡನೇ ಮಹಾಯುದ್ಧದ ಸೋವಿಯತ್ ಸೇನಾನಿಗಳ ಬಗ್ಗೆ ಏನು ಓದಲಿ ಅಂತ ಕೇಳಿದರೆ ಎಲ್ಲರೂ ಝುಕೋವ್ ಆತ್ಮಕಥೆಯತ್ತಲೇ ಕೈ ತೋರಿಸುತ್ತಾರೆ. ನಾನು ಅದನ್ನೂ ರೊಕೊಸ್ಸೊವ್‌ಸ್ಕಿಯ 'ಎ ಸೋಲ್ಜರ್ಸ್ ಡ್ಯೂಟಿ'ಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಎರಡೂ ಮಾಸ್ಕೋದ ಪ್ರಗತಿ ಪ್ರಕಾಶನದ ಇಂಗ್ಲಿಷ್ ಅನುವಾದಗಳು. ನನ್ನ ಓಟು ರೊಕೊಸ್ಸೊವ್‌ಸ್ಕಿಗೆ.

ಬಾಲ್ಯದ ವಿಷಯದಲ್ಲಿ ಮಾತ್ರ ಝುಕೋವ್‌ಗೆ ಸಾಟಿಯಿಲ್ಲ. ಕಲುಗಾ ಸೀಮೆಯ ಸ್ಟ್ರೆಲ್ಕೊವ್ಕಾ ಹಳ್ಳಿ, ಕುಸಿದುಬಿದ್ದ ಮನೆ, ಬಡತನ, ಮಾಸ್ಕೋದಲ್ಲಿ ತುಪ್ಪಳದ ಕೆಲಸ ಮಾಡುವ ಸೋದರಮಾವನ ಹತ್ತಿರ ದುಡಿತ. ಆ ಪುಟಗಳನ್ನು ಓದುತ್ತಿದ್ದರೆ ಕೆಳಗಿಡಲು ಮನಸ್ಸಾಗುವುದಿಲ್ಲ.

ರೊಕೊಸ್ಸೊವ್‌ಸ್ಕಿ ತನ್ನ ಪುಸ್ತಕ ಶುರುಮಾಡುವುದೇ 1940ರ ವಸಂತದಿಂದ. ಮನೆಯವರ ಜೊತೆ ಸೋಚಿಗೆ ಹೋಗಿದ್ದೆ, ಆಮೇಲೆ ರಕ್ಷಣಾ ಸಚಿವ ತಿಮೊಶೆಂಕೊ ಕರೆಸಿದರು ಅಂತ. ಸುಮ್ನೆ ರಜೆ ಮುಗಿಸಿ ಬಂದವರ ಧಾಟಿ. ಆದರೆ ಈ ಮನುಷ್ಯ 1937ರ ಆಗಸ್ಟ್‌ನಲ್ಲಿ ಬಂಧನಕ್ಕೊಳಗಾಗಿ, 1940ರ ಮಾರ್ಚ್‌ನಲ್ಲಷ್ಟೇ ಜೈಲಿನಿಂದ ಹೊರಬಂದಿದ್ದ! ಪುಸ್ತಕ ಬಂದದ್ದು ಬ್ರೆಜ್ನೆವ್ ಸೋವಿಯತ್ ನಾಯಕನಾಗಿದ್ದ ಕಾಲದಲ್ಲಿ, 1968ರಲ್ಲಿ. ಜೈಲಿನ ವಿಷಯ ಬರೆಯುವ ಹಾಗಿರಲಿಲ್ಲ, ಅಲ್ವಾ? ಝುಕೋವ್ ಪಾಡೂ ಅಷ್ಟೇ. 1969ರ ಮೊದಲ ಮುದ್ರಣದಲ್ಲಿ, 1943ರಲ್ಲಿ ಇದೇ ಬ್ರೆಜ್ನೆವ್, ಆಗ ಸೇನೆಯಲ್ಲಿ ರಾಜಕೀಯ ಅಧಿಕಾರಿ, ಆತನ ಸಲಹೆ ಕೇಳಬೇಕು ಅಂದುಕೊಂಡಿದ್ದೆ, ಆತ ಸಿಗಲಿಲ್ಲ ಎಂಬ ಮಾತು ಇದೆ. ಮಾರ್ಷಲ್ ಒಬ್ಬ ಕರ್ನಲ್‌ನನ್ನು ಹುಡುಕಿಕೊಂಡು ಹೋಗುವುದಂತೆ!

ಯುದ್ಧದ ವಿಷಯಕ್ಕೆ ಬಂದರೆ ತಮಾಷೆ ಇರುವುದು ಬೆಲಾರೂಸ್‌ನಲ್ಲಿ ನಡೆದ 1944ರ ಬಗ್ರಾತಿಯಾನ್ ಕಾರ್ಯಾಚರಣೆಯಲ್ಲಿ. ಜರ್ಮನ್ನರ ಹಿಡಿತದಲ್ಲಿದ್ದ ಬೊಬ್ರುಯ್ಸ್ಕ್ ನಗರದ ಮೇಲೆ ಒಂದೇ ಕಡೆಯಿಂದ ದೊಡ್ಡ ದಾಳಿ ಸಾಕು ಅನ್ನುವುದು ಮೇಲಿನವರ ವಾದ. ರೊಕೊಸ್ಸೊವ್‌ಸ್ಕಿಗೆ ಎರಡು ಕಡೆಯಿಂದ ಬೇಕು. ಪಕ್ಕದ ಕೋಣೆಗೆ ಹೋಗಿ ಯೋಚನೆ ಮಾಡಿ ಬಾ ಅಂತ ಸ್ಟಾಲಿನ್ ಎದುರು ತನಗೆ ಎರಡು ಸಲ ಹೇಳಿದರು, ತಾನು ಪಟ್ಟು ಬಿಡಲಿಲ್ಲ, ಕೊನೆಗೆ ಸ್ಟಾಲಿನ್ನೇ ಒಪ್ಪಿದ ಅಂತ ಆತ ಬರೆಯುತ್ತಾನೆ. ಝುಕೋವ್ ಪುಸ್ತಕ ತೆಗೆದರೆ, ಇದಕ್ಕೆ ಆಧಾರವಿಲ್ಲ, ಎರಡೂ ದಾಳಿಗಳಿಗೆ ಮೇ 20ರಂದೇ, ಅಂದರೆ ರೊಕೊಸ್ಸೊವ್‌ಸ್ಕಿ ಮಾಸ್ಕೋಗೆ ಬರುವ ಮೊದಲೇ, ಒಪ್ಪಿಗೆ ಸಿಕ್ಕಿತ್ತು ಅಂತ ಕಡ್ಡಿ ಮುರಿದಂತೆ ಹೇಳಿದ್ದಾನೆ. ಹಿಂದೆ ರೊಕೊಸ್ಸೊವ್‌ಸ್ಕಿಯ ಅಶ್ವದಳದ ಡಿವಿಷನ್‌ನಲ್ಲಿ ಝುಕೋವ್ ಬ್ರಿಗೇಡ್ ನಡೆಸುತ್ತಿದ್ದ. 1941ರ ಹೊತ್ತಿಗೆ ಯಾರು ಯಾರಿಗೆ ಹುಕುಂ ಕೊಡಬೇಕು ಅನ್ನುವುದು ತಿರುಗುಮುರುಗಾಗಿತ್ತು. ಇದನ್ನು ನೆನಪಿಟ್ಟುಕೊಂಡು ಓದಿದರೆ ಜಗಳದ ರುಚಿ ಇನ್ನೂ ಜಾಸ್ತಿ.

ಯಾರು ನಿಜ ಹೇಳುತ್ತಿದ್ದಾರೋ, ಈ ಕಾರ್ಯಾಚರಣೆ ಕಣ್ಣಿಗೆ ಕಟ್ಟುವುದು ರೊಕೊಸ್ಸೊವ್‌ಸ್ಕಿ ಬರಹದಲ್ಲೇ. ದಕ್ಷಿಣದ ಜೌಗಿನಲ್ಲಿ ಹೂತುಹೋಗದಂತೆ ಸೈನಿಕರು ಕಾಲಿಗೆ ಕಟ್ಟಿಕೊಂಡ ವಿಶೇಷ ಮೆಟ್ಟು, ಟ್ಯಾಂಕ್‌ಗಳಿಗಾಗಿ ಹಾಸಿದ ಮರದ ದಿಮ್ಮಿಯ ದಾರಿ. ಜೂನ್ 24ರಂದು ಆತನ ಪಡೆ ನುಗ್ಗಿತು. 29ರಂದು ಬೊಬ್ರುಯ್ಸ್ಕ್ ಕೈಗೆ ಬಂತು, ಅದೇ ದಿನ ಆತ ಮಾರ್ಷಲ್ ಆದ.

ಝುಕೋವ್ ಪುಸ್ತಕ ಎರಡು ಸಂಪುಟ. ಲೆನಿನ್‌ಗ್ರಾಡ್‌ನಿಂದ ಬರ್ಲಿನ್‌ವರೆಗೆ ಇಡೀ ಯುದ್ಧದ ನಕ್ಷೆ ಬೇಕಾದವರಿಗೆ ಅದೇ ಸರಿ. ಆದರೆ ಸೋಲು ಬಂದಾಗ ಆತನ ನಡಿಗೆ ಜೋರಾಗುತ್ತದೆ. 1942ರ ಕೊನೆಗೆ ರ್ಝೆವ್ ಪಟ್ಟಣದ ಹತ್ತಿರ ಸೋವಿಯತ್ ಪಡೆ ನಡೆಸಿದ 'ಮಾರ್ಸ್' ದಾಳಿಯಲ್ಲಿ ಆ ಪಡೆಯಲ್ಲೇ ಸತ್ತವರು, ಕಾಣೆಯಾದವರು ಸೇರಿ ಸುಮಾರು 70 ಸಾವಿರ ಮಂದಿ. ಜರ್ಮನ್ನರು ಸ್ಟಾಲಿನ್‌ಗ್ರಾಡ್ ಕಡೆ ಪಡೆ ಕಳಿಸದಂತೆ ತಡೆಯಲು ಮಾಡಿದ್ದು ಅಂತ ಹೇಳಿ ಆತ ಮುಂದೆ ಹೋಗಿಬಿಡುತ್ತಾನೆ.

ರಷ್ಯನ್ ಬರುವವರು ಹೊಸ ಮುದ್ರಣಗಳನ್ನೇ ಹುಡುಕಿ. ಕತ್ತರಿ ಬಿದ್ದ ಭಾಗಗಳು ಝುಕೋವ್‌ನದರಲ್ಲಿ 1990ರಲ್ಲಿ, ರೊಕೊಸ್ಸೊವ್‌ಸ್ಕಿಯದರಲ್ಲಿ 1997ರಲ್ಲಿ ಮತ್ತೆ ಸೇರಿವೆ. ಅದಕ್ಕೂ ಮೊದಲು ಬಂದ ಪ್ರಗತಿಯ ಪ್ರತಿಗಳಲ್ಲಿ ಅವು ಸಿಗುವುದಿಲ್ಲ.